ದೊಡ್ಡಪ್ಪನ ಜೆನಾ 75 ಲೆನ್ಸು: ಲೇತಿಗೆ ಕೊಡಲೋ, ಹಾಗೇ ಇಡಲೋ?

ಕಾಳಿ ಕಡವು · ಮೇ 22

ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಕೊಬೇಡಿ.

ನಮ್ಮ ದೊಡ್ಡಪ್ಪ ಸರಕು ಹಡಗಿನ ಇಂಜಿನ್ ರೂಮಿನಲ್ಲಿ ದುಡಿದವರು. ತೀರಿಕೊಂಡು ಹನ್ನೊಂದು ವರ್ಷ ಆಯಿತು. ಮಳೆಗೆ ಮುಂಚೆ ಕಾರವಾರ ಕೋಡಿಬಾಗದ ಹಳೇ ಮನೆಯ ಹಂಚು ಕೈಯಾಡಿಸೋಣ ಅಂತ ಅಟ್ಟ ಖಾಲಿ ಮಾಡಿದೆವು. ಆಗ ಅವರ ಕಬ್ಬಿಣದ ಟ್ರಂಕು ಕೆಳಗಿಳಿಯಿತು. ಒಳಗೆ ನುಸಿ ತಿಂದ ಉಣ್ಣೆ ಕೋಟು, ಒಂದಿಷ್ಟು ಸ್ಪ್ಯಾನರು, ಚರ್ಮದ ಕೇಸಿನಲ್ಲಿ ಎಕ್ಸಾಕ್ಟಾ ವರೆಕ್ಸ್ ಕ್ಯಾಮೆರಾ, ಇನ್ನೊಂದು ಕೇಸಿನಲ್ಲಿ ಈ ಲೆನ್ಸು. ಏಡನ್ ಬಂದರಿನಲ್ಲಿ ಕೊಂಡದ್ದು ಅಂತ ಮನೆಯಲ್ಲಿ ಹೇಳ್ತಾರೆ.

ಕ್ಯಾಮೆರಾದ ಶಟರ್ ಪರದೆ ಹರಿದಿದೆ, ಅದರ ಆಸೆ ಬಿಟ್ಟಿದ್ದೇನೆ. ಪ್ರಶ್ನೆ ಲೆನ್ಸಿನದು. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಮೈ. ಕೈಗೆ ತಗೊಂಡರೆ ಅಡಿಕೆ ಕತ್ತರಿಯಷ್ಟು ಭಾರ ಅನಿಸ್ತದೆ, ಮುಂದಿನ ಗಾಜು ಅಷ್ಟು ದಪ್ಪ. ಮುಂದಿನ ರಿಂಗಿನ ಮೇಲೆ ಜೆನಾ, ಬಿ, 1.5/75 (ಅಪರ್ಚರ್ 1.5, ಫೋಕಲ್ ಲೆಂತ್ 75 ಎಂಎಂ), ಆಮೇಲೆ 4ರಿಂದ ಶುರುವಾಗುವ ಏಳಂಕಿಯ ನಂಬರು. ಫೋಕಸ್ ರಿಂಗಿನ ಸುತ್ತ ಯಾರೋ ಒಂದು ಹಿತ್ತಾಳೆ ಪಟ್ಟಿ ಬಿಗಿದಿದ್ದಾರೆ. ಎರಡು ಸ್ಕ್ರೂ, ಪಕ್ಕಕ್ಕೆ ಚಾಚಿದ ಒಂದು ಕಿವಿ. ಕಂಪನಿಯದಲ್ಲ ಅಂತ ನೋಡಿದವರಿಗೇ ಗೊತ್ತಾಗ್ತದೆ.

ಒಳಗಡೆ ಟಾರ್ಚ್ ಬಿಟ್ಟರೆ ಜೇಡರ ಬಲೆಯಂಥ ಬೂಷ್ಟು. ಫೋಕಸ್ ಅಲುಗುವುದೇ ಕಷ್ಟ. ಅಪರ್ಚರ್ ಬ್ಲೇಡುಗಳ ಮೇಲೆ ಎಣ್ಣೆ ಹೊಳೀತಾ ಇದೆ.

ನನ್ನ ಹತ್ತಿರ ಇರುವುದು ನಿಕಾನ್ ಡಿ750. ಲೆನ್ಸು ಕ್ಯಾಮೆರಾಕ್ಕೆ ಕೂರುವ ಹಿಂದಿನ ರಿಂಗು, ಅಂದರೆ ಮೌಂಟ್, ಎರಡಕ್ಕೂ ಬೇರೆ ಬೇರೆ. ಗುರುತಿನ ಲೇತ್ ಕೆಲಸದವರೊಬ್ಬರು "ಹಿಂಭಾಗ ಕಡಿದು ನಿಕಾನ್ ಮೌಂಟ್ ಕೂರಿಸಿ ಕೊಡ್ತೇನೆ, ಆರು ಸಾವಿರ" ಅಂದರು. ಮಾಡಿಸಲಾ? ಟ್ರಂಕಿನಲ್ಲಿ ಇನ್ನೂ ಐವತ್ತು ವರ್ಷ ಮಲಗಿಸುವುದಕ್ಕಿಂತ ಅದು ಒಳ್ಳೇದಲ್ಲವಾ ಅಂತ ಒಂದು ಮನಸ್ಸು.

ದೇವಬಾಗ · ಮೇ 22

ಮಾಡಿಸಿ ಸರ್. ವಸ್ತು ಇರೋದು ಬಳಸೋಕೆ. ಈ ಲೆನ್ಸಿನ ಹಿನ್ನೆಲೆ ಸುಳಿ ಸುತ್ತಿದ ಹಾಗೆ ಬರ್ತದಲ್ಲ, ಮದುವೆ ಫೋಟೋಕ್ಕೆ ಅದೊಂದು ಸಿಕ್ಕರೆ ಸೀಸನ್ ಪೂರ್ತಿ ಬುಕಿಂಗ್.

ಪೆಟ್ಟಿಗೆ ಕ್ಯಾಮೆರಾ · ಮೇ 22

ದಯವಿಟ್ಟು ಲೇತಿನ ಹತ್ತಿರ ಹೋಗಬೇಡಿ. ಇವತ್ತು ರಾತ್ರಿ ಸುಮ್ಮನೆ ಮಲಗಿ. ನಾಳೆ ವಿವರವಾಗಿ ಬರೀತೇನೆ.

ಕಾಳಿ ಕಡವು · ಮೇ 23

ಸರ್, ಒಂದು ಅನುಮಾನ. ಹೋದ ವಾರ ಒಂದು ಅಂಗಡಿಯಲ್ಲಿ ತೋರಿಸಿದ್ದೆ. "ಝೈಸ್ ಅಂತಲೂ ಬರೆದಿಲ್ಲ, ಬಯೋಟಾರ್ ಅಂತಲೂ ಇಲ್ಲ, ಬರೀ 'ಬಿ' ಅಂದರೆ ನಕಲಿ ಮಾಲು, ಮೂರು ಸಾವಿರ ಕೊಡ್ತೇನೆ" ಅಂದರು. ನಕಲಿ ಆದರೆ ಕಡಿಸೋಕೆ ಇಷ್ಟು ಯೋಚನೆ ಯಾಕೆ?

ಪೆಟ್ಟಿಗೆ ಕ್ಯಾಮೆರಾ · ಮೇ 23

ಆ ಅಂಗಡಿಯವರಿಗೆ ಗೊತ್ತಿಲ್ಲದೆ ಹೇಳಿದರೋ, ಗೊತ್ತಿದ್ದೇ ಹೇಳಿದರೋ, ನಾನು ಹೇಳಲಾರೆ. ನಕಲಿ ಅಲ್ಲ.

ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ಲೆನ್ಸು ಕಂಪನಿ ಝೈಸ್ ಎರಡು ಹೋಳಾಯಿತು. ಅಮೆರಿಕನ್ ಸೈನ್ಯ 1945ರಲ್ಲಿ ಝೈಸ್ ಕಾರ್ಖಾನೆ ಇದ್ದ ಜೆನಾ ಊರು ಬಿಡುವಾಗ ಮುಖ್ಯ ತಂತ್ರಜ್ಞರನ್ನು ಪಶ್ಚಿಮಕ್ಕೆ ಕರಕೊಂಡು ಹೋಯಿತು, ಅವರು ಓಬರ್‌ಕೋಹೆನ್‌ನಲ್ಲಿ ಹೊಸ ಝೈಸ್ ಕಟ್ಟಿದರು. ಹಳೇ ಕಾರ್ಖಾನೆ ಜೆನಾದಲ್ಲೇ, ಪೂರ್ವ ಜರ್ಮನಿಯಲ್ಲಿ ಉಳಿಯಿತು. ನಮ್ಮ ಕಡೆ ಅಣ್ಣತಮ್ಮ ಪಾಲಾದ ಮೇಲೆ ಮನೆ ಹೆಸರು ಯಾರದು ಅಂತ ಕೋರ್ಟು ಹತ್ತುವುದಿಲ್ಲವಾ, ಅಂಥದೇ ಜಗಳ ಅಲ್ಲೂ ನಡೆಯಿತು. ಪಶ್ಚಿಮದ ಹಲವು ಮಾರುಕಟ್ಟೆಗೆ ಹೋಗುವ ಜೆನಾ ಲೆನ್ಸುಗಳ ಮೇಲೆ ಹಳೇ ಹೆಸರು ಹಾಕುವ ಹಾಗಿರಲಿಲ್ಲ. ಅದಕ್ಕೇ ಬಯೋಟಾರ್ ಬದಲು 'ಬಿ', ಟೆಸ್ಸಾರ್ ಬದಲು 'ಟಿ', ಸೊನ್ನಾರ್ ಬದಲು 'ಎಸ್'. ಏಡನ್ ಆಗ ಬ್ರಿಟಿಷರ ಕೈಯಲ್ಲಿದ್ದ ಬಂದರು. ನಿಮ್ಮ ಮನೆಯವರು ಹೇಳುವ ಕತೆಗೂ ಈ 'ಬಿ'ಗೂ ತಾಳೆ ಆಗ್ತದೆ.

4ರಿಂದ ಶುರುವಾಗುವ ಏಳಂಕಿ ಅಂದರೆ ಐವತ್ತರ ದಶಕದ ಲೆನ್ಸು. ಈ 75 ಎಂಎಂ ಬಯೋಟಾರ್ ಯುದ್ಧಕ್ಕೆ ಸ್ವಲ್ಪ ಮುಂಚೆ ಬಂದದ್ದು, ನಾಲ್ಕು ಗುಂಪಿನಲ್ಲಿ ಆರು ಗಾಜು. ಇದರ ತಮ್ಮ 58 ಎಂಎಂ ಬೀದಿಬೀದಿಯಲ್ಲಿ ಸಿಗ್ತದೆ. ಇದು ಹಾಗಲ್ಲ. ಸುಸ್ಥಿತಿಯಲ್ಲಿದ್ದರೆ ಲಕ್ಷ ದಾಟುತ್ತದೆ. ಮೌಂಟ್ ಕಡಿಸಿದ ದಿನ ಅದು ಒಂದು ಒಳ್ಳೆಯ ಗಾಜು ಮಾತ್ರ, ಸಂಗ್ರಹದ ವಸ್ತು ಅಲ್ಲ. ಆ ಹಿತ್ತಾಳೆ ಪಟ್ಟಿಯನ್ನೂ ಬಿಚ್ಚಿ ಬಿಸಾಡಿ. ಅದು ಇರುವಷ್ಟು ದಿನ ಬೆಲೆ ಅರ್ಧ.

ಗಂಗಾವಳಿ ದಂಡೆ · ಮೇ 24

ನನ್ನದೂ ಸಣ್ಣ ಲೇತ್ ಇದೆ, ಅಂಕೋಲೆಯಲ್ಲಿ. ಬೋಟಿನ ಇಂಜಿನ್ ಭಾಗಗಳ ಕೆಲಸ ಮುಗಿದ ಮೇಲೆ ರಾತ್ರಿ ಲೆನ್ಸಿನ ಚಟ. ಹಾಗಾಗಿ ಭಾವನೆ ಬದಿಗಿಟ್ಟು ಅಳತೆ ಹೇಳ್ತೇನೆ.

ಮೌಂಟಿನ ಮುಖದಿಂದ ಫಿಲ್ಮಿಗೆ ಎಕ್ಸಾಕ್ಟಾದಲ್ಲಿ 44.7 ಮಿಲಿಮೀಟರ್, ನಿಕಾನ್ ಎಫ್‌ನಲ್ಲಿ 46.5. ಅಂದರೆ ಈ ಲೆನ್ಸು ನಿಮ್ಮ ಡಿ750 ಮೇಲೆ ಕೂತರೆ ಕೂರಬೇಕಾದ ಜಾಗಕ್ಕಿಂತ 1.8 ಮಿ.ಮೀ. ಮುಂದೆ ಇರ್ತದೆ. ದೂರದ್ದು ಫೋಕಸ್ ಆಗುವುದಿಲ್ಲ. ಎಷ್ಟು ದೂರದವರೆಗೆ ಆಗ್ತದೆ? 75ರ ವರ್ಗ 5625, ಅದನ್ನು 1.8ರಿಂದ ಭಾಗಿಸಿ: 3125 ಮಿ.ಮೀ. ಮೂರು ಮೀಟರಿನ ಆಚೆ ಎಲ್ಲ ಮಂಜು. ಜಗುಲಿಯಲ್ಲಿ ಕೂತವರಿಗೆ ತುಳಸಿಕಟ್ಟೆ ಸರಿ ಕಾಣಬಹುದು, ಗೇಟು ಕಾಣುವುದಿಲ್ಲ. ಇದು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ರಿಂಗಿನ, ಅಂದರೆ ಅಡಾಪ್ಟರಿನ, ದಪ್ಪ ಸೊನ್ನೆ ಅಂತ ಹಿಡಿದ ಲೆಕ್ಕ. ನಿಜದ ಅಡಾಪ್ಟರ್ ಹಾಕಿದರೆ ಇನ್ನೂ ಹತ್ತಿರ.

ಹಾಗಾಗಿ ನಿಮ್ಮ ಲೇತಿನವರು ಮೌಂಟ್ ಒಂದನ್ನೇ ಬದಲಿಸಿದರೆ ಸಾಲುವುದಿಲ್ಲ, ಹಿಂದಿನ ಮೈಯನ್ನೇ 1.8 ಮಿ.ಮೀ. ಮತ್ತು ಹೊಸ ಮೌಂಟಿನ ದಪ್ಪದಷ್ಟು ಕೆತ್ತಬೇಕು. ಕೆತ್ತಿದ್ದು ಚೂರಾಗಿ ನೆಲಕ್ಕೆ ಬಿತ್ತು ಅಂದರೆ ಬಿತ್ತು.

ದೇವಬಾಗ · ಮೇ 24

ಅಣ್ಣ, ಮುಖದ ಫೋಟೋ ಎಲ್ಲ ಮೂರು ಮೀಟರ್ ಒಳಗೇ ಅಲ್ಲವಾ ತೆಗೆಯೋದು? ಕೆತ್ತೋದೂ ಬೇಡ, ತೆಳು ಅಡಾಪ್ಟರ್ ಸಾಕು.

ಗಂಗಾವಳಿ ದಂಡೆ · ಮೇ 24

ಮಾತು ಸರಿ ತಮ್ಮಾ. ಅದಕ್ಕಿಂತ ಸುಲಭದ್ದು ಇದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿ ಇಲ್ಲದ ಕಾರಣ ಲೆನ್ಸಿಗೂ ಸೆನ್ಸಾರಿಗೂ ಅಂತರ ಬಹಳ ಕಡಿಮೆ. ಸೋನಿ ಇ ಮೌಂಟಿನಲ್ಲಿ 18, ನಿಕಾನ್ ಝೆಡ್‌ನಲ್ಲಿ 16. 44.7ರಲ್ಲಿ 18 ಕಳೆದರೆ 26.7 ಮಿ.ಮೀ. ಉದ್ದದ ಖಾಲಿ ಕೊಳವೆ ಇಡುವಷ್ಟು ಜಾಗ. ಒಳಗೆ ಗಾಜು ಬೇಡ, ಏನೂ ಬೇಡ. ಲೆನ್ಸಿನ ಒಂದು ಸ್ಕ್ರೂ ಮುಟ್ಟದೆ ಬೇಲೇಕೇರಿಯ ಗುಡ್ಡದವರೆಗೂ ಫೋಕಸ್ ಆಗ್ತದೆ.

ಹತ್ತು ವರ್ಷದ ಹಿಂದೆ ಈ ಪ್ರಶ್ನೆ ಬಂದಿದ್ದರೆ "ಕಡಿಸಿ" ಅಂತ ನಾನೇ ಹೇಳ್ತಿದ್ದೆ. ಕಡಿದೂ ಇದ್ದೇನೆ. ಆಗ ಎಲ್ಲರ ಕೈಯಲ್ಲೂ ಡಿಎಸ್‌ಎಲ್‌ಆರ್, ಬೇರೆ ದಾರಿ ಇರಲಿಲ್ಲ. ಒಂದು ಎಕ್ಸಾಕ್ಟಾ ಮೌಂಟಿನ ಲೆನ್ಸಿನ ಹಿಂಭಾಗ ಕೆತ್ತಿ ಕ್ಯಾನನ್‌ಗೆ ಕೂರಿಸಿದ್ದೆ, 0.7 ಮಿ.ಮೀ. ಅಂತರದ ಕಸರತ್ತು. ಮೂರು ವರ್ಷಕ್ಕೆ ಆ ಕ್ಯಾಮೆರಾವನ್ನೇ ಮಾರಿದೆ. ಲೆನ್ಸು ಈಗ ಯಾವ ಮೌಂಟಿಗೂ ಸರಿಯಾಗಿ ಕೂರದೆ ಡ್ರಾಯರಿನಲ್ಲಿದೆ. ಕ್ಯಾಮೆರಾ ಬಾಡಿ ಬದಲಾಗ್ತಾ ಹೋಗ್ತದೆ ಮಾರಾಯ್ರೆ, ಅದಕ್ಕಾಗಿ ಗಾಜಿನ ಮೈ ಕಡಿಯುವುದು ಚಪ್ಪಲಿಗೆ ತಕ್ಕ ಹಾಗೆ ಕಾಲು ಕೊಯ್ದ ಹಾಗೆ.

ಹಾಗಂತ ಕಡಿದವರೆಲ್ಲ ಪಾಪಿಗಳು ಅಂತಲೂ ನಾನು ಒಪ್ಪುವುದಿಲ್ಲ. ಪೆಟ್ಝ್‌ವಾಲ್ 1840ರಲ್ಲಿ ರೂಪಿಸಿದ ಭಾವಚಿತ್ರದ ಲೆನ್ಸು ಇದೆಯಲ್ಲ, ಹಳೆಯ ಹಿತ್ತಾಳೆ ಕೊಳವೆಗಳು, ಅವುಗಳಲ್ಲಿ ಎಷ್ಟಕ್ಕೋ ಮೇಲ್ಗಡೆ ಒಂದು ಸೀಳು ಇರ್ತದೆ. 1858ರಲ್ಲಿ ಜಾನ್ ವಾಟರ್‌ಹೌಸ್ ತೂತಿನ ತಗಡು ತೂರಿಸುವ ಉಪಾಯ ತಂದ ಮೇಲೆ ಹಳೇ ಲೆನ್ಸುಗಳಿಗೂ ಗರಗಸ ಹಾಕಿ ಸೀಳು ಮಾಡಿಸಿಕೊಂಡರು. ಇವತ್ತು ಆ ಸೀಳಿಗೂ ಸಂಗ್ರಹಕಾರರು ಕೈಮುಗೀತಾರೆ.

ನೆಗೆಟಿವ್ ಮಾಸ್ತರು · ಮೇ 25

ಶಿರಸಿಯಲ್ಲಿ ನಲವತ್ತು ಚಿಲ್ಲರೆ ವರ್ಷ ಸ್ಟುಡಿಯೋ ನಡೆಸಿದವ ನಾನು. ಸೀಳಿನ ಮಾತು ಒಪ್ಪಿದೆ. ಆದರೆ ಆ ಸೀಳು ಮಾಡಿಸಿಕೊಂಡವರಿಗೆ ಅದೇ ಲೆನ್ಸಿನಿಂದ ಮರುದಿನ ಊಟ ಆಗಬೇಕಿತ್ತು. ಕೋಡಿಬಾಗದ ತಮ್ಮನಿಗೆ ಹಾಗೇನಿಲ್ಲ.

ಒಂದು ಕೇಳ್ತೇನೆ. ಆ ಹಿತ್ತಾಳೆ ಕಿವಿ ಯಾವ ಕಡೆ ಇದೆ? ಲೆನ್ಸನ್ನು ಎಕ್ಸಾಕ್ಟಾಕ್ಕೆ ಹಾಕಿ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ನೋಡಿ ಹೇಳು. ಪಟ್ಟಿ ಬಿಸಾಡುವ ಮಾತು ಆಮೇಲೆ.

ಬೂಷ್ಟು ಭಟ್ರು · ಮೇ 25

ಎಲ್ಲರೂ ಮೌಂಟು ಮೌಂಟು ಅಂತ ಹೇಳ್ತಾ ಇದ್ದೀರಿ, ಒಳಗೆ ಬೂಷ್ಟು ಊಟ ಮಾಡ್ತಾ ಇದ್ದು, ಅದರ ಬಗ್ಗೆ ಯಾರಿಗೂ ಗಡಿಬಿಡಿ ಇಲ್ಲೆ! ಇನ್ನು ಹದಿನೈದು ದಿನಕ್ಕೆ ಮಳೆ.

ನಾನು ಸಿದ್ದಾಪುರದವ. ನಮ್ಮಲ್ಲಿ ಆಷಾಢದಲ್ಲಿ ಬೆಲ್ಟಿಗೂ ಬೂಷ್ಟು, ಪಂಚಾಂಗಕ್ಕೂ ಬೂಷ್ಟು. ಐದು ಲೆನ್ಸು ಕಳಕೊಂಡ ಅನುಭವದ ಮೇಲೆ ಹೇಳ್ತೆ.

ಮೊದಲು ಆ ಚರ್ಮದ ಕೇಸು ಮನೆಯಿಂದ ಹೊರಗೆ. ಅಲ್ಲದಿದ್ದರೆ ಲೆನ್ಸಿನಿಂದ ಹತ್ತು ಮಾರು ದೂರ. ಬೂಷ್ಟಿಗೆ ಗಾಜಿಗಿಂತ ಚರ್ಮ, ಒಳಗಿನ ಮಖಮಲ್ಲು ಬಹಳ ಇಷ್ಟ. ಗಾಜಿನ ಮೇಲೆ ಕೂತದ್ದು ಸುಮ್ಮನೆ ಕೂರುವುದಿಲ್ಲ, ಆಮ್ಲ ಬಿಡ್ತು. ಆ ಆಮ್ಲ ಮೊದಲು ಕೋಟಿಂಗ್ ತಿಂತು, ಆಮೇಲೆ ಗಾಜನ್ನೇ ಕೊರೀತು. ಕೊರೆದದ್ದನ್ನು ಯಾವ ಔಷಧಿಯಿಂದಲೂ ಒರೆಸುವುದಕ್ಕೆ ಬರುವುದಿಲ್ಲೆ. ಹಾಗಾಗಿ "ಏನೂ ಮುಟ್ಟದೆ ಹಾಗೇ ಕಾಪಾಡಿ" ಅನ್ನುವುದೂ ಇಲ್ಲಿ ಒಂದು ರೀತಿ ಹಾಳುಮಾಡುವುದೇ.

ಎರಡನೇದು, ಬಿಸಿಲಿಗೆ ಇಡಬೇಡಿ. ಯಾರಾದರೂ ಹೇಳೇ ಹೇಳ್ತೊ, ಬಿಸಿಲಿಗೆ ಇಟ್ಟರೆ ಬೂಷ್ಟು ಸಾಯ್ತು ಅಂತ. ನಾನು ಒಂದು 85 ಎಂಎಂ ಅನ್ನು ಅಡಿಕೆ ಅಂಗಳದಲ್ಲಿ ಗೆರಸಿ ಮೇಲೆ ಇಟ್ಟು ಚಾ ಕುಡಿಯುವುದಕ್ಕೆ ಹೋದೆ. ಬರುವಷ್ಟರಲ್ಲಿ ಗೆರಸಿಯಲ್ಲಿ ಎಂಟಾಣೆ ಅಗಲದ ತೂತು, ಹೊಗೆ ಬೇರೆ. ನಿಮ್ಮದು 75ನ್ನು 1.5ರಿಂದ ಭಾಗಿಸಿದರೆ 50 ಮಿ.ಮೀ. ಬಾಯಿ. ಅದು ಲೆನ್ಸಲ್ಲ, ಒಲೆ. ಸಾಲದ್ದಕ್ಕೆ ಆ ಕಾಲದಲ್ಲಿ ಜೋಡಿ ಗಾಜುಗಳನ್ನು ಅಂಟಿಸಿದ್ದು ಕೆನಡಾ ಬಾಲ್ಸಂನಿಂದ, ಅದೊಂದು ಮರದ ಅಂಟು, ಬಿಸಿಗೆ ಮೆದು ಆಗ್ತು.

ಮಳೆಗಾಲ ಕಳೆಯುವವರೆಗೆ ಬಿಚ್ಚಲೂ ಬೇಡಿ. ಈ ಹವೆಯಲ್ಲಿ ಬಿಚ್ಚಿದರೆ ಒಳಗೆ ಹೊಸ ನೀರು, ಹೊಸ ಬೀಜ. ಬಾಯಿ ಬಿಗಿ ಇರುವ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಇನ್ನೂರು ಮುನ್ನೂರು ರೂಪಾಯಿಯ ತೇವ ಅಳೆಯುವ ಮೀಟರು. ಮುಳ್ಳು 40ರಿಂದ 50ರ ನಡುವೆ ನಿಲ್ಲಬೇಕು. ತೀರಾ ಒಣಗಿಸಿದರೆ ಗ್ರೀಸು, ಬಾಲ್ಸಂ ಎರಡಕ್ಕೂ ಒಳ್ಳೇದಲ್ಲ. ಜೆಲ್ ಬಣ್ಣ ತಿರುಗಿದರೆ ಹುರಿದು ಮತ್ತೆ ಹಾಕಿ. ನೀಲಿ ಜೆಲ್ ಆದರೆ ಅಡುಗೆ ಬಾಣಲೆಯಲ್ಲಿ ಮಾತ್ರ ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರ್ತು. ಅಕ್ಕಿ ಡಬ್ಬದಲ್ಲಿ ಹುಗಿಯುವ ಉಪಾಯ ಹೇಳುವವರಿಗೆ ನಮಸ್ಕಾರ: ಧೂಳು, ಹುಳ, ಎರಡೂ ಫ್ರೀ.

ಕಪಾಟು ಇದ್ದರೆ ಒಳಗೆ ಜೀರೋ ಬಲ್ಬ್. ನಮ್ಮ ಅಜ್ಜ ಓಲೆಗರಿ ಕಟ್ಟನ್ನು ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ದ. ತತ್ವ ಅದೇ, ಹೊಗೆ ಒಂದು ಕಮ್ಮಿ.

ಕಾಳಿ ಕಡವು · ಮೇ 26

ಭಟ್ರೆ, ಕೇಸು ಹೊರಗೆ ಹೋಯಿತು. ಡಬ್ಬ, ಜೆಲ್, ಮೀಟರು ತಂದೆ. ಮೊದಲ ದಿನ ಮೀಟರು 83 ತೋರಿಸಿತು, ನೋಡಿಯೇ ಹೆದರಿಕೆ ಆಯಿತು.

ಮಾಸ್ತರೇ, ನೀವು ಹೇಳಿದ ಹಾಗೆ ಮಾಡಿ ನೋಡಿದೆ. ಕ್ಯಾಮೆರಾ ಕಣ್ಣಿಗಿಟ್ಟರೆ ಕಿವಿ ನನ್ನ ಬಲಗಡೆ, ಸ್ವಲ್ಪ ಕೆಳಗೆ.

ನೆಗೆಟಿವ್ ಮಾಸ್ತರು · ಮೇ 26

ಹಾಗೇ ಅಂದುಕೊಂಡಿದ್ದೆ. ಎಕ್ಸಾಕ್ಟಾ ಎಡಗೈ ಕ್ಯಾಮೆರಾ. ಬಟನ್ನೂ ಎಡಕ್ಕೆ, ಫಿಲ್ಮ್ ಸರಿಸುವ ಲಿವರೂ ಎಡಕ್ಕೆ. ಹಿಡಿದವನ ಬಲಗೈ ಫೋಕಸಿಗೆ ಬರ್ತದೆ. ಆ ಕಿವಿ ಬಲಗೈ ಹೆಬ್ಬೆರಳಿಗೆ ಮಾಡಿದ್ದು. ಆದರೆ ಈ ಲೆನ್ಸಿನ ರಿಂಗು ಅಂಗೈ ತುಂಬ ಅಗಲ ಇದೆ, ಸರಿಯಾದ ಕೈಯವನಿಗೆ ಕಿವಿ ಯಾಕೆ ಬೇಕು? ನಿಮ್ಮ ದೊಡ್ಡಪ್ಪನ ಬಲಗೈ ಹೇಗಿತ್ತು, ಮನೆಯಲ್ಲಿ ಕೇಳು.

ಕಾಳಿ ಕಡವು · ಮೇ 27

ಆಯಿಯನ್ನು ಕೇಳಿದೆ. "ಬಲಗೈಯ ಕಡೆಯ ಎರಡು ಬೆರಳು ಇರಲೇ ಇಲ್ಲವಲ್ಲೋ, ಪಂಪಿನ ಬೆಲ್ಟಿಗೆ ಸಿಕ್ಕಿ ಹೋದದ್ದು. ನೀನು ನೋಡಲಿಲ್ಲವಾ?" ಅಂದಳು. ನಾನು ನೋಡಿದ್ದೆ. ಚಿಕ್ಕಂದಿನಿಂದ ನೋಡಿ ನೋಡಿ ಅದು ನೆನಪಿನಲ್ಲೇ ಇರಲಿಲ್ಲ.

ಪೆಟ್ಟಿಗೆ ಕ್ಯಾಮೆರಾ · ಮೇ 27

ಇದು ಗೊತ್ತಿದ್ದರೆ ಬಿಸಾಡಿ ಅಂತ ಬರೀತಿರಲಿಲ್ಲ. ಆದರೂ ನನ್ನ ಅಭಿಪ್ರಾಯ ಪೂರ್ತಿ ಬದಲಾಗಲಿಲ್ಲ. ಕೊಳ್ಳುವವನಿಗೆ ನಿಮ್ಮ ದೊಡ್ಡಪ್ಪನ ಬೆರಳು ಸಂಬಂಧವಿಲ್ಲ, ಕಾರ್ಖಾನೆಯಿಂದ ಬಂದ ರೂಪ ಬೇಕು. ಪಟ್ಟಿ ಬಿಚ್ಚಿ ಬೇರೆ ಡಬ್ಬದಲ್ಲಿ ಇಡಿ, ಕತೆ ಬರೆದು ಜೊತೆಗಿಡಿ. ಲೆನ್ಸು ಲೆನ್ಸಿನ ಹಾಗಿರಲಿ. ಮುಂದಿನ ಗಾಜು ತೀರಾ ಹೋಗಿದ್ದರೆ ಪಾಲಿಶ್ ಮಾಡಿಸಿ ಹೊಸ ಕೋಟಿಂಗ್ ಹಾಕಿಸುವುದನ್ನೂ ಯೋಚಿಸಬಹುದು.

ನೆಗೆಟಿವ್ ಮಾಸ್ತರು · ಮೇ 27

ಮೌಂಟ್ ಕಡಿದರೆ ಬೊಬ್ಬೆ ಹೊಡೆಯುವವರು ಗಾಜನ್ನೇ ಉಜ್ಜಲು ಹೇಳ್ತೀರಲ್ಲ! ಗಾಜಿನ ಮೇಲಿನ ಆ ನೇರಳೆ ಹೊಳಪು ಏನು ಅಂತ ಗೊತ್ತಿದೆಯಲ್ಲ. ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಕಂಡುಹಿಡಿದ, ಬೆಳಕಿನ ಪ್ರತಿಫಲನ ತಗ್ಗಿಸುವ ಕೋಟಿಂಗಿನ ಸಂತತಿ ಅದು. ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಅದನ್ನು ತೆಗೆಯಲು ಉಜ್ಜಿದರೆ ಅದರ ಕೆಳಗಿನ ಗಾಜಿನ ಬಾಗೂ ಬದಲಾಗ್ತದೆ, ಆ ಬಾಗೇ ಲೆನ್ಸು. ಕಡಿದ ಮೌಂಟ್ ಬದಲಿಗೆ ಇನ್ನೊಂದನ್ನು ತಿರುಗಿಸಿ ಕೊಡುವ ಜಾಣ ಎಲ್ಲಾದರೂ ಸಿಕ್ಕಾನು. ಉಜ್ಜಿ ಹೋದ ಬಾಗು ತಂದುಕೊಡುವವರು ಇಲ್ಲ.

ಘಟ್ಟದ ಮೇಲೆ · ಮೇ 28

ಕ್ಯಾಮೆರಾ ಬಗ್ಗೆ ನನಗೆ ಏನೂ ಗೊತ್ತಿಲ್ಲ, ನಮ್ಮನೆಯವರು ಓದ್ತಾ ಇದ್ದರು, ಇಣುಕಿದೆ. ನಾನು ಮಕ್ಕಳಿಗೆ ಚಿತ್ರ ಹೇಳಿಕೊಡುವವಳು.

ಶಿರಸಿಯ ಮಾರಿಕಾಂಬಾ ಗುಡಿಯ ಗೋಡೆಯ ಕಾವಿ ಚಿತ್ರ ನೋಡಿದ್ದೀರಿ. ಬಿಳಿ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಪದರ, ಅದು ಹಸಿ ಇದ್ದಾಗಲೇ ಕೆರೆದು ಒಳಗಿನ ಬಿಳಿ ತೋರಿಸುವುದು. ನಮ್ಮ ಊರಿನ ಒಂದು ಸಣ್ಣ ಗುಡಿಯಲ್ಲೂ ಇತ್ತು. ಜೀರ್ಣೋದ್ಧಾರ ಅಂತ ಆಯಿಲ್ ಪೇಂಟ್ ಬಳಿದರು. ಕೇಳಿದರೆ "ಮೊದಲಿನ ಹಾಗೆ ಹೊಸತು ಮಾಡಿದ್ದೇವೆ" ಅಂದರು. ಆ ಗೋಡೆ ಮೊದಲು ಯಾವತ್ತೂ ಹಾಗೆ ಹೊಳೆದದ್ದೇ ಇಲ್ಲ.

ಕಾರ್ಖಾನೆಯ ರೂಪ ಅನ್ನುವವರನ್ನು ಕೇಳಬೇಕು ಅನಿಸ್ತದೆ: ಕಾರ್ಖಾನೆಯಲ್ಲಿ ಅದು ಇದ್ದದ್ದು ಎಷ್ಟು ದಿನ, ಆ ಮನುಷ್ಯನ ಕೈಯಲ್ಲಿ ಎಷ್ಟು ವರ್ಷ?

ಗಂಗಾವಳಿ ದಂಡೆ · ಮೇ 28

ಅಕ್ಕಾ, ಮಾತು ಚೆನ್ನಾಗಿದೆ. ಆದರೆ ಒಂದು ತೊಡಕಿದೆ, ಯಾರೂ ಹೇಳಲಿಲ್ಲ. ಪಟ್ಟಿ ಹಿತ್ತಾಳೆ, ರಿಂಗು ಅಲ್ಯೂಮಿನಿಯಂ, ಊರು ಕಾರವಾರ. ಉಪ್ಪಿನ ಹವೆಯಲ್ಲಿ ಈ ಎರಡು ಲೋಹ ಒಂದಕ್ಕೊಂದು ತಾಗಿ ಕೂತರೆ ಅದೊಂದು ಸಣ್ಣ ಬ್ಯಾಟರಿ. ಸವೆಯುವುದು ಅಲ್ಯೂಮಿನಿಯಂ. ಬೋಟುಗಳಲ್ಲಿ ದಿನಾ ನೋಡ್ತೇನೆ, ಅಲ್ಯೂಮಿನಿಯಂ ತಗಡಿಗೆ ಹಿತ್ತಾಳೆ ಬೋಲ್ಟು ಹಾಕಿದರೆ ಎರಡು ವರ್ಷಕ್ಕೆ ಸುತ್ತ ಬಿಳಿ ಹಿಟ್ಟು. "ಪಟ್ಟಿ ಅಲ್ಲೇ ಇರಲಿ, ಮುಟ್ಟಬೇಡಿ" ಅಂದರೆ ಪಟ್ಟಿಯ ಕೆಳಗಿನ ರಿಂಗು ನಿಧಾನಕ್ಕೆ ಹಿಟ್ಟಾಗ್ತದೆ.

ಕಾಳಿ ಕಡವು · ಮೇ 28

ನಿಜ. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ನಿಲ್ಲಿಸಿದ್ದಾರಲ್ಲ, ದಿನಾ ಬೆಳಿಗ್ಗೆ ಅದರ ಮುಂದೆ ನಡೆದು ಹೋಗ್ತೇನೆ. ಈ ಗಾಳಿಯಲ್ಲಿ ಬಣ್ಣ ಕಾಣದ ಕಬ್ಬಿಣ ಉಳಿಯುವುದಿಲ್ಲ.

ತೀರ್ಮಾನ ಮಾಡಿದೆ. ಲೇತಿಗೆ ಇಲ್ಲ, ಪಾಲಿಶ್ ಇಲ್ಲ, ಮಾರುವುದೂ ಇಲ್ಲ. ಮಳೆ ಮುಗಿದ ಮೇಲೆ ಬಿಚ್ಚಿ ಬೂಷ್ಟು ತೆಗೆಯುವುದು. ಪಟ್ಟಿ ಏನು ಮಾಡಬೇಕು ಗೊತ್ತಾಗ್ತಾ ಇಲ್ಲ. ಗಂಗಾವಳಿ ಅಣ್ಣ, ನಿಮ್ಮಲ್ಲಿಗೆ ತರಬಹುದಾ?

ದೇವಬಾಗ · ಮೇ 29

ಸುಳಿ ಸುತ್ತುವ ಹಿನ್ನೆಲೆ ಬೇಕಿದ್ದರೆ ನಾನು ಹೀಲಿಯೊಸ್ 44 ತಗೊಳ್ತೇನೆ ಬಿಡಿ. ರಷ್ಯನ್ನರು 58 ಎಂಎಂ ಬಯೋಟಾರ್ ನೋಡಿಯೇ ಮಾಡಿದ್ದಂತೆ, ಬೇಕಾದಷ್ಟು ಸಿಗ್ತದೆ. ಅದನ್ನು ಕಡಿದರೆ ಯಾರೂ ಬೈಯುವುದಿಲ್ಲ ಅಲ್ಲವಾ?

ನೆಗೆಟಿವ್ ಮಾಸ್ತರು · ಮೇ 29

ಅಡ್ಡಿಲ್ಲೆ. ಎಷ್ಟು ಬೇಕಾದರೂ ಕಡಿ.

ಗಂಗಾವಳಿ ದಂಡೆ · ಅಕ್ಟೋಬರ್ 27

ಈ ಎಳೆ ಯಾರಿಗಾದರೂ ನೆನಪಿದೆಯಾ? ನಿನ್ನೆ ಭಾನುವಾರ ಕಾರವಾರದವರು ಲೆನ್ಸು ತಂದಿದ್ದರು. ಗಾಳಿ ಒಣಗಿತ್ತು. ಬೆಳಿಗ್ಗೆ ಹತ್ತಕ್ಕೆ ಕೂತವರು ಏಳುವಾಗ ಸಂಜೆ ದೀಪ ಹಚ್ಚಿದ್ದರು.

ಮುಂದಿನ ರಿಂಗು ಮೊದಲು ಬಿಡಲೇ ಇಲ್ಲ. ಲೈಟರ್ ಪೆಟ್ರೋಲು ಒಂದು ಹನಿ ಬಿಟ್ಟು, ಚಾ ಕುಡಿದು, ಮತ್ತೊಂದು ಹನಿ ಬಿಟ್ಟು, ಎರಡು ಮೊನೆಯ ಸ್ಪ್ಯಾನರ್ ಹಾಕಿದ ಮೇಲೆ "ಟಕ್" ಅಂತು. ಫೋಕಸ್ ಸುರುಳಿ ಬಿಚ್ಚುವ ಮುಂಚೆ ಸೂಜಿಯಿಂದ ಎರಡೂ ಭಾಗಕ್ಕೆ ಗೀರು ಹಾಕಿಕೊಂಡೆವು. ಆ ಸುರುಳಿಗೆ ಹಲವು ಬಾಯಿ ಇರ್ತವೆ. ಬಿಟ್ಟ ಬಾಯಿಯಿಂದಲೇ ತಿರುಗಿ ಹತ್ತಿಸದಿದ್ದರೆ ರಿಂಗಿನ ಮೇಲಿನ ಅನಂತದ ಗುರುತು ಎಲ್ಲೋ, ಫೋಕಸ್ ಎಲ್ಲೋ. ಒಳಗೆ ಹಳೇ ಗ್ರೀಸು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು, ಅದರ ಮೇಲೆ ಹೊಲಿಗೆ ಮಿಷಿನ್ ಎಣ್ಣೆಯ ವಾಸನೆ. ದೊಡ್ಡಪ್ಪ ಬಿಟ್ಟದ್ದೇ ಇರಬೇಕು, ಅದೇ ಹರಿದು ಬ್ಲೇಡುಗಳಿಗೆ ಹೋದದ್ದು. ಇಂಜಿನಿನವರಿಗೆ ಎಣ್ಣೆ ಅಂದರೆ ಎಲ್ಲಕ್ಕೂ ಔಷಧಿ!

ಬೂಷ್ಟಿಗೆ ಹೈಡ್ರೋಜನ್ ಪೆರಾಕ್ಸೈಡ್, ಅಮೋನಿಯಾ ಸಮ ಸಮ. ಮೊದಲು ಅಂಚಿನಲ್ಲಿ ಒಂದು ಚೂರು ಒರೆಸಿ, ಕೋಟಿಂಗ್ ಏಳುವುದಿಲ್ಲ ಅಂತ ನೋಡಿಕೊಂಡೆವು. ಹಿಂದಿನ ಗಾಜುಗಳು ಪೂರ್ತಿ ಸ್ವಚ್ಛ. ಮುಂದಿನ ಗಾಜಿನ ಒಳಮೈಯಲ್ಲಿ ಎರಡು ಎಳೆ ಉಳಿದವು, ಅಲ್ಲಿ ಗಾಜೇ ಕೊರೆದಿದೆ. ಬಿಟ್ಟೆವು. ಜೋಡಿ ಗಾಜಿನ ಅಂಟು ಮಾತ್ರ ಗಟ್ಟಿ ಇದೆ, ಅಂಟು ಬಿಟ್ಟರೆ ಕಾಣುವ ಕಾಮನಬಿಲ್ಲಿನ ಬಳೆ ಎಲ್ಲೂ ಇಲ್ಲ.

ಪಟ್ಟಿಯ ವಿಷಯ ಅವರೇ ಬರೀಲಿ.

ಕಾಳಿ ಕಡವು · ಅಕ್ಟೋಬರ್ 28

ಪಟ್ಟಿಯ ಸ್ಕ್ರೂ ಬಿಡಿಸಿದಾಗ ಅಣ್ಣ ಹೇಳಿದ ಬಿಳಿ ಹಿಟ್ಟು ಇತ್ತು, ರವೆಯಷ್ಟು. ಬ್ರಶ್ಶಿನಿಂದ ಗುಡಿಸಿದ ಮೇಲೆ ಕೆಳಗೆ ರಿಂಗಿನ ಹಿಡಿತದ ಗೀರುಗಳೆಲ್ಲ ಚಪ್ಪಟೆ, ಒಂದು ಕಡೆ ಮಾತ್ರ ಬಹಳ ಚಪ್ಪಟೆ. ಕಿವಿ ಇದ್ದ ಜಾಗ, ಒತ್ತಿ ಒತ್ತಿ. ಪಟ್ಟಿಯ ಒಳಗಡೆ ಅರದ ಗುರುತು ಇನ್ನೂ ಹಾಗೇ ಇವೆ. ಯಾವುದೋ ಪೈಪಿನಿಂದ ಕೊಯ್ದ ತುಂಡು ಅಂತ ಅಣ್ಣ ಹೇಳಿದರು.

ತಿರುಗಿ ಹಾಕುವುದು ಅಂತ ಆಯಿತು, ಆದರೆ ಎರಡು ಲೋಹ ತಾಗಬಾರದು. ಸೈಕಲ್ ಟ್ಯೂಬು ಹಾಕೋಣ ಅಂದೆ. ರಬ್ಬರಿನ ಗಂಧಕಕ್ಕೆ ಹಿತ್ತಾಳೆ ಕಪ್ಪಾಗ್ತದೆ ಅಂದರು. ಹಳೇ ನೆಗೆಟಿವ್? ಅದರಿಂದ ಕಾಲಕ್ರಮೇಣ ಹುಳಿ ಆವಿ ಬರ್ತದಂತೆ. ಕೊನೆಗೆ ಅಣ್ಣ "ಮನೆಯಲ್ಲಿ ಎಕ್ಸ್‌ರೇ ಇದೆಯಾ?" ಅಂತ ಕೇಳಿದರು. ಅದರ ಫಿಲ್ಮು ಪಾಲಿಯೆಸ್ಟರ್, ಏನೂ ಆಗುವುದಿಲ್ಲ. ಆಯಿಯ ಮೊಣಕಾಲಿನದು ಇತ್ತು. ಬ್ಲೀಚಿಂಗ್ ನೀರಿನಲ್ಲಿ ನೆನೆಸಿ ಮೇಲಿನ ಚಿತ್ರ, ಜೆಲಟಿನ್ ಎಲ್ಲ ಉಜ್ಜಿ ತೆಗೆದೆವು, ಇಲ್ಲದಿದ್ದರೆ ಬೂಷ್ಟಿಗೆ ಮತ್ತೆ ಊಟ. ಉಳಿದದ್ದು ತೆಳು ನೀಲಿ ಹಾಳೆ. ಅದರ ಒಂದು ಪಟ್ಟಿ ಕತ್ತರಿಸಿ ಹಿತ್ತಾಳೆಯ ಕೆಳಗೆ ಸುತ್ತಿದ್ದೇವೆ. ಹತ್ತಿರದಿಂದ ನೋಡಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿ ಗೆರೆ ಕಾಣ್ತದೆ.

ಬೂಷ್ಟು ಭಟ್ರು · ಅಕ್ಟೋಬರ್ 28

ಮೊಣಕಾಲು ಲೆನ್ಸಿಗೆ ಸೇರಿತು! ಡಾಕ್ಟರು ಕೇಳಿದರೆ ಎಂತ ಹೇಳ್ತಿ?

ಪೆಟ್ಟಿಗೆ ಕ್ಯಾಮೆರಾ · ಅಕ್ಟೋಬರ್ 29

ನನ್ನ ಮತ ಈಗಲೂ ಬೇರೆ, ಆದರೆ ಕೆಲಸ ಅಚ್ಚುಕಟ್ಟು. ಸೂಜಿ ಗೀರು, ಎಕ್ಸ್‌ರೇ ಪಟ್ಟಿ, ಏನು ಮಾಡಿದಿರಿ ಅಂತ ದಿನಾಂಕ ಹಾಕಿ ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಬಿಚ್ಚುವವರಿಗೆ ಬೇಕಾಗ್ತದೆ.

ಕಾಳಿ ಕಡವು · ನವೆಂಬರ್ 9

ಚೀಟಿ ಬರೆದಿಟ್ಟೆ ಸರ್. ಅಡಾಪ್ಟರ್ ಬಂತು, ಸೆಕೆಂಡ್ ಹ್ಯಾಂಡ್ ಸೋನಿ ಒಂದು ಗೆಳೆಯನ ಹತ್ತಿರ ಎರವಲು ತಂದೆ. ಬೈತಖೋಲ್ ಬಂದರಿನಲ್ಲಿ ಬಲೆ ಹೆಣೆಯುವವರ ಫೋಟೋ ತೆಗೆದೆ, 1.5ರಲ್ಲೇ. ಸೂರ್ಯ ಎದುರಿಗಿದ್ದರೆ ಆ ಎರಡು ಕೊರೆದ ಎಳೆಯಿಂದ ಚಿತ್ರ ಸ್ವಲ್ಪ ಬೆಳ್ಳಗಾಗ್ತದೆ, ಕೈ ಅಡ್ಡ ಹಿಡಿದರೆ ಸರಿ.

ಒಂದೇ ತೊಂದರೆ. ಸೋನಿಯ ಬಟನ್ ಬಲಗೈಗೆ, ಫೋಕಸ್ ಎಡಗೈಗೆ. ದೊಡ್ಡಪ್ಪನ ಕಿವಿ ಬಲಗಡೆ ಇದೆ, ಪ್ರತಿ ಸಲ ನನ್ನ ಎಡಗೈ ಲೆನ್ಸಿನ ಕೆಳಗಿಂದ ಸುತ್ತಿ ಬರಬೇಕು. ಸ್ಕ್ರೂ ಸಡಿಲ ಮಾಡಿ ಪಟ್ಟಿಯನ್ನು ಅರ್ಧ ಸುತ್ತು ತಿರುಗಿಸಿದರೆ ನನ್ನ ಹೆಬ್ಬೆರಳಿಗೆ ಸರಿಯಾಗಿ ಸಿಗ್ತದೆ. ತಿರುಗಿಸಬಹುದಾ, ಅಲ್ಲ ಅದೂ ಹಾಗೇ ಇರಬೇಕಾ?

ನೆಗೆಟಿವ್ ಮಾಸ್ತರು · ನವೆಂಬರ್ 9

ಅವರ ಜಾಗ ಯಾವುದು ಅಂತ ರಿಂಗಿನ ಮೇಲೆ ಚಪ್ಪಟೆಯಾಗಿ ಉಳಿದೇ ಇದೆಯಲ್ಲ. ತಿರುಗಿಸು ಮಾರಾಯ. ಬಲೆ ಹೆಣೆಯುವವರ ಫೋಟೋ ಎಲ್ಲಿ?